ಎರಡನೆಯ ಡಿಸ್ಕು: ಗಣಕಯಂತ್ರವೇಕೆ ಏಳಲಿಲ್ಲ?

ಹಳೆಯ ಗಣಕಯಂತ್ರವೊಂದು ಕೆಲಸಕ್ಕೆ ಬಾರದಂತಾದಾಗ ಅದರೊಳಗಿನ ಎಲ್ಲ ಭಾಗಗಳೂ ನಿರುಪಯುಕ್ತವಾಗುವುದಿಲ್ಲ. ಅದರ ಹಾರ್ಡ್ ಡಿಸ್ಕಿನಲ್ಲಿ ಮನೆಯವರ ಭಾವಚಿತ್ರಗಳು, ಕಾಲೇಜಿನ ಟಿಪ್ಪಣಿಗಳು, ಅರ್ಧ ಬರೆದ ಪ್ರಬಂಧ, ಲೆಕ್ಕಪತ್ರ, ಹೀಗೆ ಹಲವು ವರ್ಷಗಳ ಸಂಗ್ರಹ ಹಾಗೆಯೇ ಉಳಿದಿರುತ್ತದೆ. ಆ ಡಿಸ್ಕನ್ನು ಬಿಚ್ಚಿ ಬೇರೊಂದು ಯಂತ್ರದಲ್ಲಿ ಎರಡನೆಯ ಡಿಸ್ಕಾಗಿ ಜೋಡಿಸಿದರೆ ಇವೆಲ್ಲವೂ ಮತ್ತೆ ಕೈಗೆ ಬರುವುವೆಂದು ಎಣಿಸುವುದು ನ್ಯಾಯವೇ ಸರಿ. ಜೋಡಿಸುವ ಕೆಲಸವೂ ಕಷ್ಟದ್ದಲ್ಲ. ನಾಲ್ಕು ಸ್ಕ್ರೂಗಳನ್ನು ಬಿಗಿದು ಎರಡು ಕೇಬಲ್ಲುಗಳನ್ನು ಸಿಕ್ಕಿಸಿದರೆ ಮುಗಿಯಿತು. ಆದರೆ ಗುಂಡಿಯನ್ನು ಒತ್ತಿದಾಗ ವಿಚಿತ್ರವೊಂದು ಕಾಣಬರುತ್ತದೆ. ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಯಂತ್ರವೇ ಈಗ ಏಳಲೊಲ್ಲದು!

ಕಪ್ಪು ತೆರೆಯ ಮೇಲೆ 'ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್' ಎಂಬ ಒಂದು ಸಾಲು ಮೂಡಿ ಯಂತ್ರ ನಿಂತುಬಿಡಬಹುದು. ತಯಾರಕರ ಚಿಹ್ನೆಯಷ್ಟೆ ಕಾಣಿಸಿಕೊಂಡು ಅಲ್ಲಿಗೇ ಎಲ್ಲವೂ ಸ್ತಬ್ಧವಾಗಬಹುದು. ತೆರೆ ಬೆಳಗದೆಯೇ ಇರಬಹುದು. ಎರಡನೆಯ ಡಿಸ್ಕನ್ನು ಕಳಚಿದೊಡನೆ ಯಂತ್ರ ಏನೂ ಆಗಲಿಲ್ಲವೆಂಬಂತೆ ಮತ್ತೆ ಏಳುತ್ತದೆ.

ಇಂಥ ಸಂದರ್ಭದಲ್ಲಿ ಅವಸರದ ತೀರ್ಮಾನಗಳು ಎರಡು ಬಗೆಯವು. 'ಹಳೆಯ ಡಿಸ್ಕು ಕೆಟ್ಟಿದೆ' ಎಂದು ಅದನ್ನು ಮೂಲೆಗೆಸೆಯುವುದು ಮೊದಲನೆಯದು. ತೆರೆಯ ಮೇಲೆ ಬಂದ ಪ್ರಶ್ನೆಗಳಿಗೆಲ್ಲ 'ಆಗಲಿ' ಎಂದು ಒತ್ತುತ್ತ ಹೋಗುವುದು ಎರಡನೆಯದು. ಮೊದಲನೆಯದರಿಂದ ಚೆನ್ನಾಗಿರುವ ಡಿಸ್ಕು ಕಸದ ಬುಟ್ಟಿಗೆ ಹೋದೀತು. ಎರಡನೆಯದರಿಂದ ಅದರಲ್ಲಿದ್ದುದೆಲ್ಲ ಅಳಿಸಿಹೋದೀತು. ಎರಡೂ ಅನಾವಶ್ಯಕ. ಯಂತ್ರ ಎಲ್ಲಿ ನಿಂತಿತೆಂಬುದನ್ನು ಗಮನಿಸಿದರೆ ಏಕೆ ನಿಂತಿತೆಂಬುದಕ್ಕೆ ಅರ್ಧ ಉತ್ತರ ದೊರೆತಂತೆಯೇ. ಮಿಕ್ಕರ್ಧ ಉತ್ತರವನ್ನು ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮದಿಂದ ಪಡೆಯಬಹುದು. ಇದು ಹೇಗೆಂಬುದನ್ನು ನೋಡೋಣ.

ಏಳುವುದೆಂದರೇನು?

ಗಣಕಯಂತ್ರಕ್ಕೆ ಸ್ವಂತ ಬುದ್ಧಿಯಿಲ್ಲ. ಮಾಡಬೇಕಾದುದನ್ನು ಹೆಜ್ಜೆಹೆಜ್ಜೆಗೂ ಹೇಳುವ ಆದೇಶಗಳ ಸಾಲು, ಎಂದರೆ ಪ್ರೋಗ್ರಾಂ, ಅದಕ್ಕೆ ಬೇಕೇ ಬೇಕು. ವಿಂಡೋಸ್, ಲಿನಕ್ಸ್ ಮುಂತಾದ ಆಪರೇಟಿಂಗ್ ಸಿಸ್ಟಮ್‌ಗಳು ಇಂಥ ಪ್ರೋಗ್ರಾಂಗಳ ದೊಡ್ಡ ಸಮೂಹಗಳು. ಅವು ಇರುವುದು ಡಿಸ್ಕಿನ ಮೇಲೆ. ಕೆಲಸ ಮಾಡಬೇಕಾದರೆ ಅವು ಅಲ್ಲಿಂದ ತಾತ್ಕಾಲಿಕ ಸ್ಮೃತಿಕೋಶವಾದ ರ್ಯಾಮ್‌ಗೆ ಬರಬೇಕು. ಹಾಗೆ ತರುವುದಕ್ಕೂ ಒಂದು ಪ್ರೋಗ್ರಾಂ ಬೇಕಷ್ಟೆ. ಆ ಪ್ರೋಗ್ರಾಮನ್ನು ತರುವವರಾರು? ಇದು ತನ್ನ ಹೆಗಲ ಮೇಲೆ ತಾನೇ ಹತ್ತಿ ಕುಳಿತುಕೊಳ್ಳುವಂಥ ಕೆಲಸ. ಇಂಗ್ಲಿಷರು ಇಂಥದನ್ನು, ಕಾಲಿನ ಬೂಟಿಗೆ ಹೊಲಿದ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದೆಂದು ಹಾಸ್ಯವಾಗಿ ಹೇಳುತ್ತಾರೆ. ಗಣಕಯಂತ್ರ 'ಬೂಟ್ ಆಯಿತು' ಎಂದು ನಾವಾಡುವ ಮಾತು ಹುಟ್ಟಿದುದು ಆ ನುಡಿಗಟ್ಟಿನಿಂದಲೇ.

೧೯೭೫ರಲ್ಲಿ ಮಾರಾಟಕ್ಕೆ ಬಂದ ಆಲ್ಟೇರ್ ೮೮೦೦ ಎಂಬ ಯಂತ್ರದಲ್ಲಿ ಈ ಮೊದಲ ಪ್ರೋಗ್ರಾಮನ್ನು ಮನುಷ್ಯನೇ ತುಂಬಬೇಕಾಗಿತ್ತು. ಮುಂಭಾಗದ ಸಾಲು ಸ್ವಿಚ್ಚುಗಳನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ಒಂದೊಂದೇ ಬೈಟನ್ನು ಒಳಗೆ ಕಳುಹಿಸಬೇಕು. ಅಷ್ಟಾದ ಮೇಲೆಯೇ ಯಂತ್ರ ರಂಧ್ರ ಕೊರೆದ ಕಾಗದದ ಪಟ್ಟಿಯಿಂದ ದೊಡ್ಡ ಪ್ರೋಗ್ರಾಮನ್ನು ಓದಿಕೊಳ್ಳುತ್ತಿತ್ತು. ಇಂದಿನ ಯಂತ್ರಗಳಲ್ಲಿ ಆ ಶ್ರಮವಿಲ್ಲ. ಮದರ್‌ಬೋರ್ಡಿನ ಮೇಲಿರುವ ಒಂದು ಪುಟ್ಟ ಚಿಪ್ಪಿನಲ್ಲಿ, ವಿದ್ಯುತ್ತು ಹೋದರೂ ಅಳಿಯದಂತೆ, ಮೊದಲ ಪ್ರೋಗ್ರಾಮನ್ನು ಬರೆದಿಟ್ಟಿರುತ್ತಾರೆ. ಇದರ ಹಳೆಯ ಹೆಸರು ಬಯಾಸ್.

ಹಿಂದಿನ ಕಾಲದಲ್ಲಿ ಅಂಚೆಯ ಓಟಗಾರರು ಚೀಲವನ್ನು ಹೊತ್ತು ಒಂದಿಷ್ಟು ದೂರ ಓಡಿ ಮುಂದಿನವನಿಗೆ ಒಪ್ಪಿಸುತ್ತಿದ್ದರು. ಯಂತ್ರ ಏಳುವುದೂ ಅಂಥದೇ ಓಟ. ವಿದ್ಯುತ್ತು ಸರಿಯಾಗಿ ಹರಿಯುತ್ತಿದೆಯೆಂಬ ಸಂಜ್ಞೆ ಬಂದೊಡನೆ ಸಂಸ್ಕಾರಕ, ಎಂದರೆ ಪ್ರೊಸೆಸರ್, ಬಯಾಸ್‌ನ ಆದೇಶಗಳನ್ನು ಪಾಲಿಸತೊಡಗುತ್ತದೆ. ಬಯಾಸ್ ಮೊದಲು ರ್ಯಾಮ್, ಕೀಲಿಮಣೆ, ಚಿತ್ರತೆರೆಗಳನ್ನು ಪರೀಕ್ಷಿಸುತ್ತದೆ. ಬಳಿಕ ಯಾವ ಯಾವ ಡಿಸ್ಕುಗಳಿವೆಯೆಂದು ಹಾಜರಿ ತೆಗೆದುಕೊಳ್ಳುತ್ತದೆ. ಅವುಗಳಲ್ಲೊಂದನ್ನು ಆರಿಸಿ, ಅದರ ಆರಂಭದಲ್ಲಿರುವ ಕಿರು ಪ್ರೋಗ್ರಾಮಿಗೆ ಕೆಲಸವನ್ನು ಒಪ್ಪಿಸುತ್ತದೆ. ಆ ಕಿರು ಪ್ರೋಗ್ರಾಂ ತನಗಿಂತ ದೊಡ್ಡದಾದ ಇನ್ನೊಂದನ್ನು ಎಬ್ಬಿಸುತ್ತದೆ; ಅದು ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುತ್ತದೆ. ಎರಡನೆಯ ಡಿಸ್ಕು ಬಂದಾಗ ಈ ಓಟದ ಯಾವ ತಾಣದಲ್ಲಿ ಬೇಕಾದರೂ ಚೀಲ ಕೈತಪ್ಪಬಹುದು.

ಮೊದಲ ಪುಟದ ೫೧೨ ಬೈಟುಗಳು

ಎಲ್ಲಕ್ಕಿಂತ ಹೆಚ್ಚಾಗಿ ಕೈತಪ್ಪುವುದು ಡಿಸ್ಕನ್ನು ಆರಿಸುವ ತಾಣದಲ್ಲಿ. ಇದನ್ನು ಅರಿಯಬೇಕಾದರೆ ಡಿಸ್ಕಿನ ಮೊದಲ ಸೆಕ್ಟರಿನ ರಚನೆಯನ್ನು ತಿಳಿಯಬೇಕು.

೧೯೮೧ರಲ್ಲಿ ಬಂದ ಐಬಿಎಂ ಪಿಸಿ ಎಂಬ ಯಂತ್ರ ಹಾರ್ಡ್ ಡಿಸ್ಕಿಲ್ಲದೆಯೇ ಮಾರಾಟವಾಗುತ್ತಿತ್ತು. ೧೯೮೩ರಲ್ಲಿ ಬಂದ ಪಿಸಿ ಎಕ್ಸ್‌ಟಿಯಲ್ಲಿ ೧೦ ಮೆಗಾಬೈಟಿನ ಡಿಸ್ಕೊಂದಿತ್ತು. ಅದೇ ವರ್ಷ ಹೊರಬಂದ ಡಾಸ್‌ನ ೨.೦ ಆವೃತ್ತಿಯಲ್ಲಿ ಡಿಸ್ಕಿನ ಮೊದಲ ಸೆಕ್ಟರಿಗೆ ಒಂದು ಕ್ರಮವನ್ನು ಗೊತ್ತುಮಾಡಿದರು. ಅದು ಇಂದಿಗೂ ಲಕ್ಷಾಂತರ ಡಿಸ್ಕುಗಳಲ್ಲಿ ಉಳಿದಿದೆ. ಆ ಸೆಕ್ಟರಿನ ಗಾತ್ರ ೫೧೨ ಬೈಟುಗಳು. ಅವುಗಳಲ್ಲಿ ಮೊದಲ ೪೪೬ ಬೈಟುಗಳು ಕಿರು ಪ್ರೋಗ್ರಾಮಿಗೆ ಮೀಸಲು. ಅನಂತರದ ೬೪ ಬೈಟುಗಳಲ್ಲಿ ಡಿಸ್ಕಿನ ವಿಭಾಗಗಳ ವಿವರ. ಒಂದೊಂದು ವಿಭಾಗಕ್ಕೆ ೧೬ ಬೈಟು ಬೇಕಾಗುವುದರಿಂದ ನಾಲ್ಕೇ ವಿಭಾಗಗಳಿಗೆ ಸ್ಥಳ. ಉಳಿದುದು ಎರಡೇ ಬೈಟು. ಅವು ಮುದ್ರೆ. ಅವುಗಳ ಬೆಲೆ ದಶಮಾಂಶ ಪದ್ಧತಿಯಲ್ಲಿ ೮೫ ಮತ್ತು ೧೭೦. ಗಣಕಯಂತ್ರದ ದ್ವಿಮಾನ ಪದ್ಧತಿಯಲ್ಲಿ ಬರೆದರೆ ೦೧೦೧೦೧೦೧ ಮತ್ತು ೧೦೧೦೧೦೧೦. ಸೊನ್ನೆಯೂ ಒಂದೂ ಸರದಿಯಾಗಿ ಬರುವ ಈ ಜೋಡಿಯನ್ನು ಕಂಡರೆ ಬಯಾಸ್ ಆ ಸೆಕ್ಟರನ್ನು ನಂಬುತ್ತದೆ. ಕಾಣದಿದ್ದರೆ ಆ ಡಿಸ್ಕನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ.

ಇಲ್ಲಿಯೇ ತೊಡಕಿರುವುದು. ಡಿಸ್ಕಿನಲ್ಲಿ ಆಪರೇಟಿಂಗ್ ಸಿಸ್ಟಮ್ ಇದೆಯೆಂದು ಈ ಮುದ್ರೆ ಸಾರುವುದಿಲ್ಲ. ಮೊದಲ ಸೆಕ್ಟರನ್ನು ಯಾರೋ ಕ್ರಮವಾಗಿ ಬರೆದಿದ್ದಾರೆಂಬುದಷ್ಟೇ ಅದರ ಅರ್ಥ. ಬರಿಯ ಭಾವಚಿತ್ರಗಳನ್ನು ಇಡುವುದಕ್ಕಾಗಿ ಸಿದ್ಧಪಡಿಸಿದ ಡಿಸ್ಕಿನಲ್ಲೂ ವಿಭಾಗಗಳನ್ನು ಮಾಡಿದಾಗ ಈ ಮುದ್ರೆ ಬಿದ್ದಿರುತ್ತದೆ. ಬಯಾಸ್ ಇಂಥ ಡಿಸ್ಕನ್ನು ಮೊದಲು ನೋಡಿದರೆ ಮುದ್ರೆಯನ್ನು ಕಂಡು ತೃಪ್ತಿಪಟ್ಟು ಕೆಲಸವನ್ನು ಅದಕ್ಕೊಪ್ಪಿಸಿಬಿಡುತ್ತದೆ. ಅಲ್ಲಿನ ಕಿರು ಪ್ರೋಗ್ರಾಂ ತಾನು ಎಬ್ಬಿಸಬೇಕಾದುದನ್ನು ಹುಡುಕುತ್ತದೆ, ಕಾಣುವುದಿಲ್ಲ. 'ಆಪರೇಟಿಂಗ್ ಸಿಸ್ಟಮ್ ಇಲ್ಲ' ಎಂದು ತೆರೆಯ ಮೇಲೆ ಬರೆದು ನಿಂತುಬಿಡುತ್ತದೆ. ಒಮ್ಮೆ ಒಪ್ಪಿಸಿದ ಕೆಲಸ ಸಾಮಾನ್ಯವಾಗಿ ಬಯಾಸ್‌ಗೆ ಹಿಂದಿರುಗುವುದಿಲ್ಲ. ಪಕ್ಕದ ಡಿಸ್ಕಿನಲ್ಲಿಯೇ ವಿಂಡೋಸ್ ಸುಖವಾಗಿ ಕುಳಿತಿದ್ದರೂ ಅದನ್ನು ಕೇಳುವವರೇ ಇಲ್ಲ!

ಹೀಗಾದಾಗ ಎರಡು ಡಿಸ್ಕುಗಳೂ ಚೆನ್ನಾಗಿಯೇ ಇವೆ. ಕೇಳಬೇಕಾದವರನ್ನು ಬಿಟ್ಟು ಬೇರೆಯವರನ್ನು ಕೇಳಿದಂತಾಗಿದೆ, ಅಷ್ಟೆ. ಪೆನ್ ಡ್ರೈವನ್ನು ಸಿಕ್ಕಿಸಿಯೇ ಮರೆತಿದ್ದರೆ ಮರುದಿನ ಕೆಲವು ಯಂತ್ರಗಳು ಏಳದಿರುವುದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಅದಕ್ಕೂ ಇದೇ ಕಾರಣ. ಬೂಟ್‌ನ ದೃಷ್ಟಿಯಿಂದ ಪೆನ್ ಡ್ರೈವೂ ಒಂದು ಎರಡನೆಯ ಡಿಸ್ಕೇ.

ಬಯಾಸ್ ಹಾರ್ಡ್ ಡಿಸ್ಕುಗಳಿಗೆ ಅಂಕಿಗಳನ್ನು ಕೊಡುತ್ತದೆ: ಮೊದಲನೆಯದಕ್ಕೆ ೧೨೮, ಎರಡನೆಯದಕ್ಕೆ ೧೨೯, ಹೀಗೆ. ಹೊಸದಾಗಿ ಬಂದ ಡಿಸ್ಕು ಕೆಲವೊಮ್ಮೆ ಮೊದಲ ಸ್ಥಾನವನ್ನೇ ಪಡೆದುಬಿಡುತ್ತದೆ. ಇದನ್ನು ಸರಿಪಡಿಸಲು ಯಂತ್ರ ಏಳುವ ಮೊದಲ ಕ್ಷಣಗಳಲ್ಲಿ ಡಿಲೀಟ್ ಅಥವಾ ಎಫ್೨ ಕೀಲಿಯನ್ನು ಒತ್ತಿ ಸೆಟಪ್ ಪುಟಕ್ಕೆ ಹೋಗಬೇಕು. ಕೆಲವು ತಯಾರಕರು ಬೇರೆ ಕೀಲಿಯನ್ನು ಇಟ್ಟಿರುತ್ತಾರೆ, ಅದನ್ನು ತೆರೆಯ ಅಂಚಿನಲ್ಲಿ ತಿಳಿಸಿರುತ್ತಾರೆ. ಅಲ್ಲಿ ಬೂಟ್ ಕ್ರಮದ ಪಟ್ಟಿ ಇರುತ್ತದೆ. ಆಪರೇಟಿಂಗ್ ಸಿಸ್ಟಮ್ ಇರುವ ಡಿಸ್ಕನ್ನು ಅದರ ತಲೆಗೆ ತಂದು, ಉಳಿಸಿ ಹೊರಬಂದರೆ ಆಯಿತು. ಹಲವು ಯಂತ್ರಗಳಲ್ಲಿ ಇಂಥ ಪಟ್ಟಿಗಳು ಎರಡಿರುತ್ತವೆ. ಹಾರ್ಡ್ ಡಿಸ್ಕು, ಪೆನ್ ಡ್ರೈವು, ಸಿ.ಡಿ. ಎಂಬ ಜಾತಿಗಳ ಕ್ರಮ ಒಂದರಲ್ಲಿ; ಹಾರ್ಡ್ ಡಿಸ್ಕುಗಳ ನಡುವಣ ಕ್ರಮ ಇನ್ನೊಂದರಲ್ಲಿ. ಮೊದಲನೆಯದನ್ನು ಸರಿಪಡಿಸಿ ಎರಡನೆಯದನ್ನು ನೋಡದೆ ಹೋದರೆ ಫಲವಿಲ್ಲ.

ಹೊಸ ಪದ್ಧತಿ

ಈಚಿನ ಯಂತ್ರಗಳಲ್ಲಿ ಬಯಾಸ್‌ನ ಸ್ಥಾನವನ್ನು ಯುಇಎಫ್‌ಐ ಎಂಬ ಪದ್ಧತಿ ಪಡೆದಿದೆ. ಇದು ೫೧೨ ಬೈಟುಗಳ ಮುದ್ರೆಯನ್ನು ನಂಬಿ ಕೂರುವುದಿಲ್ಲ. ಇಂಥ ಡಿಸ್ಕಿನ, ಇಂಥ ವಿಭಾಗದ, ಇಂಥ ಫೈಲನ್ನು ಓದಬೇಕೆಂಬ ಪೂರ್ಣ ವಿಳಾಸವನ್ನೇ ಮದರ್‌ಬೋರ್ಡಿನ ಅಳಿಯದ ಸ್ಮೃತಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಡಿಸ್ಕಿನ ವಿಭಾಗಕ್ಕೆ ತನ್ನದೇ ಆದ ಗುರುತಿನ ಸಂಖ್ಯೆ ಇರುವುದರಿಂದ, ಪಕ್ಕದಲ್ಲಿ ಇನ್ನೊಂದು ಡಿಸ್ಕು ಬಂದು ಕುಳಿತರೂ ವಿಳಾಸ ತಪ್ಪುವ ಸಂಭವ ಕಡಿಮೆ.

ಕಡಿಮೆಯೆಂದರೆ ಇಲ್ಲವೇ ಇಲ್ಲವೆಂದಲ್ಲ. ಹಳೆಯ ಡಿಸ್ಕಿನಲ್ಲೂ ಒಂದು ವಿಂಡೋಸ್ ಇದ್ದರೆ ಯಂತ್ರ ಅದನ್ನೇ ಎಬ್ಬಿಸಲು ಹೊರಡಬಹುದು. ಹಳೆಯ ಡಿಸ್ಕು ಬಯಾಸ್ ಕಾಲದ್ದೆಂದು ಭಾವಿಸಿ, ಸೆಟಪ್ ಪುಟದಲ್ಲಿ ಯುಇಎಫ್‌ಐಯನ್ನು ತೆಗೆದು ಹಳೆಯ ಪದ್ಧತಿಗೆ ಬದಲಾಯಿಸುವವರೂ ಉಂಟು. ಆಗ ಹೊಸ ಪದ್ಧತಿಯಲ್ಲಿ ಸ್ಥಾಪಿತವಾದ ಮೊದಲ ಡಿಸ್ಕೂ ಏಳದಾಗಿ, ಒಂದು ತೊಂದರೆ ಎರಡಾಗುತ್ತದೆ. ಎರಡನೆಯ ಡಿಸ್ಕಿನಿಂದ ಫೈಲುಗಳನ್ನು ಓದುವುದಷ್ಟೇ ನಮ್ಮ ಉದ್ದೇಶವಾದರೆ ಈ ಬದಲಾವಣೆ ಬೇಕಾಗಿಯೇ ಇಲ್ಲ. ಹಳೆಯ ಕ್ರಮದಲ್ಲಿ ವಿಭಾಗಿಸಿದ ಡಿಸ್ಕನ್ನು ಹೊಸ ಯಂತ್ರದ ಆಪರೇಟಿಂಗ್ ಸಿಸ್ಟಮ್ ತಾನೆದ್ದ ಮೇಲೆ ಸಲೀಸಾಗಿ ಓದಬಲ್ಲುದು.

ಇದಕ್ಕೆ ವಿರುದ್ಧವಾದ ಪ್ರಸಂಗವೊಂದುಂಟು. ಎರಡು ಡಿಸ್ಕುಗಳನ್ನೂ ಜೋಡಿಸಿಟ್ಟು ಎರಡನೆಯದರ ಮೇಲೆ ವಿಂಡೋಸ್ ಸ್ಥಾಪಿಸಿದರೆ, ಅದನ್ನು ಎಬ್ಬಿಸುವ ಫೈಲುಗಳು ಮಾತ್ರ ಮೊದಲನೆಯ ಡಿಸ್ಕಿನಲ್ಲಿ ಆಗಲೇ ಇದ್ದ ಬೂಟ್ ವಿಭಾಗಕ್ಕೆ ಹೋಗಿ ಸೇರಬಹುದು. ವರ್ಷಗಳ ಮೇಲೆ ಮೊದಲನೆಯದನ್ನು ಕಳಚಿದಾಗ, ವಿಂಡೋಸ್ ಇರುವ ಡಿಸ್ಕು ಇದ್ದಲ್ಲಿಯೇ ಇದ್ದರೂ ಯಂತ್ರ ಏಳುವುದಿಲ್ಲ. ಆದುದರಿಂದಲೇ ಹೊಸದಾಗಿ ಸ್ಥಾಪಿಸುವಾಗ ಬೇಕಾದ ಒಂದು ಡಿಸ್ಕನ್ನು ಮಾತ್ರ ಉಳಿಸಿ ಮಿಕ್ಕವನ್ನು ಕಳಚಿಡಬೇಕೆಂದು ಬಲ್ಲವರು ಹೇಳುವುದು.

ವಿದ್ಯುತ್ತಿನ ಪಾಲು

ಬೂಟ್ ಕ್ರಮದ ದೋಷದಲ್ಲಿ ಯಂತ್ರ ಕೊನೆಯ ಪಕ್ಷ ಒಂದು ಸಾಲನ್ನಾದರೂ ಬರೆಯುತ್ತದೆ. ತೆರೆ ಬೆಳಗದೆ ಫ್ಯಾನು ತಿರುಗಿ ನಿಂತರೆ, ಇಲ್ಲವೆ ಯಂತ್ರ ಮತ್ತೆ ಮತ್ತೆ ತಾನಾಗಿ ಆರಿ ಹತ್ತಿದರೆ, ಸಂದೇಹ ವಿದ್ಯುತ್ತಿನ ಕಡೆಗೆ ತಿರುಗಬೇಕು.

ಡೆಸ್ಕ್‌ಟಾಪ್ ಯಂತ್ರಗಳ ಮೂರೂವರೆ ಅಂಗುಲದ ಡಿಸ್ಕಿನೊಳಗೆ ಕಾಂತೀಯ ಲೇಪವುಳ್ಳ ತಟ್ಟೆಗಳಿವೆ. ಅನೇಕ ಡಿಸ್ಕುಗಳಲ್ಲಿ ಅವು ನಿಮಿಷಕ್ಕೆ ೭,೨೦೦ ಸಲ, ಎಂದರೆ ಸೆಕೆಂಡಿಗೆ ೧೨೦ ಸಲ ಸುತ್ತುತ್ತವೆ. ತಟ್ಟೆಯ ವ್ಯಾಸ ಸುಮಾರು ೯೫ ಮಿಲಿಮೀಟರ್. ಅದರ ಅಂಚಿನ ವೇಗವನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು: ಸೆಕೆಂಡಿಗೆ ಸುಮಾರು ೩೬ ಮೀಟರ್, ಗಂಟೆಗೆ ಸುಮಾರು ೧೩೦ ಕಿಲೋಮೀಟರ್. ನಿಂತ ಬಂಡಿಯನ್ನು ಕದಲಿಸುವಾಗ ಎತ್ತುಗಳು ಹೆಚ್ಚು ಮಿಣುಕಬೇಕಲ್ಲವೆ? ಹಾಗೆಯೇ ನಿಂತ ತಟ್ಟೆಗಳನ್ನು ಈ ವೇಗಕ್ಕೆ ತರುವ ಕೆಲವು ಸೆಕೆಂಡುಗಳಲ್ಲಿ ಡಿಸ್ಕು ೧೨ ವೋಲ್ಟಿನ ತಂತಿಯಿಂದ ಸುಮಾರು ೨ ಆಂಪಿಯರ್ ಸೆಳೆಯುತ್ತದೆ. ಎಂದರೆ ಆ ಒಂದು ತಂತಿಯಿಂದಲೇ ಸುಮಾರು ೨೪ ವಾಟ್! ವೇಗ ನೆಲೆಗೊಂಡ ಮೇಲೆ ಅದರ ಮೂರರಲ್ಲೊಂದು ಪಾಲೂ ಬೇಕಾಗದು.

ಒಳ್ಳೆಯ ಎಸ್‌ಎಂಪಿಎಸ್ ಪೆಟ್ಟಿಗೆಗೆ ಇದು ದೊಡ್ಡ ಹೊರೆಯಲ್ಲ. ಆದರೆ ಆ ಪೆಟ್ಟಿಗೆ ಹಳೆಯದಾಗಿ ಸೊರಗಿದ್ದರೆ ಯಂತ್ರ ಏಳುವ ಕ್ಷಣವೇ ಅದಕ್ಕೆ ಅತಿ ಕಠಿನ ಪರೀಕ್ಷೆ. ಒಂದು ಡಿಸ್ಕಿನ ಹೊರೆಯನ್ನು ಹೇಗೋ ಹೊರುತ್ತಿದ್ದುದು ಎರಡನೆಯದು ಬಂದಾಗ ಕುಸಿಯುತ್ತದೆ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ ಈ ತೊಂದರೆ ಅಪರೂಪ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಎಂದಿಗೂ ಬಿಚ್ಚಬಾರದು. ಪ್ಲಗ್ಗನ್ನು ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರಬಹುದು. ಎರಡನೆಯದಾಗಿ, ಕೆಲವು ಪೆಟ್ಟಿಗೆಗಳಲ್ಲಿ ಕೇಬಲ್ಲುಗಳನ್ನು ಎರಡು ಕಡೆಯೂ ಕಳಚಬಹುದು. ಒಬ್ಬ ತಯಾರಕರ ಕೇಬಲ್ಲು ಇನ್ನೊಬ್ಬರ ಪೆಟ್ಟಿಗೆಗೆ ಬಿಗಿಯಾಗಿ ಕುಳಿತಿತೆಂದಮಾತ್ರಕ್ಕೆ ಒಳಗಿನ ತಂತಿಗಳ ಕ್ರಮವೂ ಒಂದೇ ಎನ್ನುವಂತಿಲ್ಲ. ೫ ವೋಲ್ಟ್ ಇರಬೇಕಾದಲ್ಲಿ ೧೨ ವೋಲ್ಟ್ ಹರಿದರೆ ಡಿಸ್ಕು ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಹಾಜರಿಯ ಗೊಂದಲ

ವಿದ್ಯುತ್ತು ಸಾಕಷ್ಟಿದ್ದರೂ ಡಿಸ್ಕುಗಳ ಹಾಜರಿ ತೆಗೆದುಕೊಳ್ಳುವಾಗ ಗೊಂದಲವಾಗಬಹುದು. ಹಿಂದಿನ ಐಡಿಇ ಪದ್ಧತಿಯಲ್ಲಿ ಚಪ್ಪಟೆಯಾದ ಒಂದೇ ಅಗಲ ಕೇಬಲ್ಲಿಗೆ ಎರಡು ಡಿಸ್ಕುಗಳನ್ನು ಜೋಡಿಸುತ್ತಿದ್ದರು. ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂಬುದನ್ನು ಡಿಸ್ಕಿನ ಹಿಂಬದಿಯ ಸೂಜಿಗಳ ಮೇಲೆ 'ಜಂಪರ್' ಎಂಬ ಪುಟ್ಟ ಟೊಪ್ಪಿಗೆಯನ್ನು ತೊಡಿಸಿ ತಿಳಿಸಬೇಕಾಗಿತ್ತು. ಎರಡೂ ತಾವೇ ಮೊದಲನೆಯವೆಂದರೆ, ಹಾಜರಿ ಕೂಗುವಾಗ ಒಂದೇ ಹೆಸರಿಗೆ ಇಬ್ಬರು ಓಗೊಟ್ಟಂತೆ. ಬಯಾಸ್‌ಗೆ ಯಾರ ಮಾತೂ ಕೇಳಿಸದು. ಆ ಕಾಲದ ಯಂತ್ರಗಳಲ್ಲಿ ಎರಡನೆಯ ಡಿಸ್ಕು ಬಂದೊಡನೆ ಮೊದಲನೆಯದೂ ಕಾಣೆಯಾಗುತ್ತಿದ್ದುದಕ್ಕೆ ಇದು ಸಾಮಾನ್ಯ ಕಾರಣ. ೨೦೦೩ರಿಂದ ಬಳಕೆಗೆ ಬಂದ ಸಾಟಾ ಪದ್ಧತಿಯಲ್ಲಿ ಒಂದೊಂದು ಡಿಸ್ಕಿಗೆ ಒಂದೊಂದು ಸಣ್ಣ ಕೇಬಲ್ಲು. ಆದುದರಿಂದ ಈ ಜಗಳ ತೀರಿತು.

ಆದರೆ ಇನ್ನೊಂದು ಹುಟ್ಟಿಕೊಂಡಿದೆ. ಮದರ್‌ಬೋರ್ಡಿನ ಮೇಲೆ ನೇರವಾಗಿ ಸಿಕ್ಕಿಸುವ ಎಂ.೨ ಎಂಬ ಪಟ್ಟಿಯಾಕಾರದ ಡಿಸ್ಕುಗಳು ಈಗ ಸಾಮಾನ್ಯ. ಹಲವು ಮದರ್‌ಬೋರ್ಡುಗಳಲ್ಲಿ ಎಂ.೨ ಕಿಂಡಿಯೂ ಒಂದೆರಡು ಸಾಟಾ ಕಿಂಡಿಗಳೂ ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ. ಎಂ.೨ ಕಿಂಡಿ ತುಂಬಿದೊಡನೆ ಆ ಸಾಟಾ ಕಿಂಡಿ ಮುಚ್ಚಿಹೋಗುತ್ತದೆ. ಅಲ್ಲಿದ್ದುದು ಆಪರೇಟಿಂಗ್ ಸಿಸ್ಟಮ್‌ನ ಡಿಸ್ಕಾಗಿದ್ದರೆ ಯಂತ್ರ ಏಳುವ ಬಗೆಯೆಂತು? ಕೇಬಲ್ಲನ್ನು ಬೇರೊಂದು ಕಿಂಡಿಗೆ ಬದಲಾಯಿಸಿದರೆ ಸಾಕು. ಯಾವ ಕಿಂಡಿಗಳು ಹೀಗೆ ದಾಯಾದಿಗಳೆಂಬುದು ಮದರ್‌ಬೋರ್ಡಿನ ಕೈಪಿಡಿಯಲ್ಲಿ ಬರೆದಿರುತ್ತದೆ.

ಡಿಸ್ಕು ದೊಡ್ಡದಾದುದೇ ತೊಂದರೆಗೆ ಕಾರಣವಾದುದೂ ಉಂಟು. ೧೯೯೯ಕ್ಕೆ ಮುಂಚಿನ ಕೆಲವು ಬಯಾಸ್‌ಗಳು ಡಿಸ್ಕನ್ನು ಸಿಲಿಂಡರುಗಳೆಂಬ ಭಾಗಗಳಾಗಿ ಎಣಿಸಿ, ಅವುಗಳ ಸಂಖ್ಯೆಯನ್ನು ೧೬ ಬಿಟ್‌ಗಳಲ್ಲಿ ಬರೆದಿಡುತ್ತಿದ್ದುವು. ಅಷ್ಟು ಸ್ಥಳದಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ೬೫,೫೩೫. ಡಿಸ್ಕಿನ ಗಾತ್ರ ಸುಮಾರು ೩೩.೮ ಗಿಗಾಬೈಟನ್ನು ಮೀರಿದಾಗ ಎಣಿಕೆ ಈ ಗಡಿಯನ್ನು ದಾಟಿ, ಬಯಾಸ್ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಡಿಸ್ಕಿನಲ್ಲಾಗಲಿ ಕೇಬಲ್ಲಿನಲ್ಲಾಗಲಿ ದೋಷವಿರಲಿಲ್ಲ. ಎಣಿಸುವವನ ಬೆರಳು ಸಾಲದೆ ಹೋಗಿತ್ತು. ಆಗ ತಯಾರಕರು ಡಿಸ್ಕು ತನ್ನ ಗಾತ್ರವನ್ನು ಕಡಿಮೆಯಾಗಿ ಹೇಳಿಕೊಳ್ಳುವಂತೆ ಮಾಡುವ ಜಂಪರೊಂದನ್ನು ಒದಗಿಸಬೇಕಾಯಿತು.

ಕಡೆಯದಾಗಿ, ಡಿಸ್ಕು ನಿಜವಾಗಿಯೇ ಕೆಟ್ಟಿರಬಹುದು. ಹೆಸರು ಕೂಗಿದಾಗ ಅದು ಓಗೊಡದಿದ್ದರೆ ಬಯಾಸ್ ಕಾಯುತ್ತದೆ. ಈ ಕಾಯುವಿಕೆ ಸುಮಾರು ಅರ್ಧ ನಿಮಿಷ, ಒಮ್ಮೊಮ್ಮೆ ಇನ್ನೂ ಹೆಚ್ಚು. ಆದುದರಿಂದ ಯಂತ್ರ ಸತ್ತಿತೆಂದು ತೀರ್ಮಾನಿಸುವ ಮುನ್ನ ಎರಡು ಮೂರು ನಿಮಿಷ ತಾಳುವುದು ಲೇಸು. ಡಿಸ್ಕಿನಿಂದ 'ಟಕ್ ಟಕ್' ಎಂದು ಒಂದೇ ಸಮನೆ ಸದ್ದು ಬರುತ್ತಿದ್ದರೆ ಮಾತ್ರ ತಾಳಬಾರದು, ಕೂಡಲೇ ಆರಿಸಬೇಕು. ತಟ್ಟೆಗೂ ಓದುವ ತಲೆಗೂ ನಡುವೆ ಇರುವ ಅಂತರ ಮೀಟರಿನ ಶತಕೋಟಿ ಭಾಗಗಳಲ್ಲಿ ಕೆಲವೇ ಕೆಲವು. ತಲೆ ತಪ್ಪಿ ತಟ್ಟೆಯನ್ನು ಉಜ್ಜಿದರೆ ಅಲ್ಲಿ ಬರೆದುದು ಶಾಶ್ವತವಾಗಿ ನಾಶವಾಗುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ಇಷ್ಟೊಂದು ಸಂದೇಹಗಳಲ್ಲಿ ಸತ್ಯವನ್ನು ಹುಡುಕುವುದೆಂತು? ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಂತ್ರ ಏಳಬಹುದು. ಆದರೆ ಏಕೆ ಎದ್ದಿತೆಂಬುದು ತಿಳಿಯದು. ಏಳದಿದ್ದರಂತೂ ಹಳೆಯ ದೋಷ ಯಾವುದು, ನಾವು ತಂದುಹಾಕಿದ ಹೊಸ ದೋಷ ಯಾವುದು ಎಂಬುದೇ ಗೊತ್ತಾಗದು. ಆದುದರಿಂದ ಸಂದೇಹಗಳನ್ನು ಅರ್ಧ ಅರ್ಧವಾಗಿ ಕಡಿಮೆ ಮಾಡುವಂಥ ಪರೀಕ್ಷೆಗಳನ್ನು ಆರಿಸಿಕೊಳ್ಳೋಣ. ಪ್ರತಿ ಸಲವೂ ಯಂತ್ರವನ್ನು ಆರಿಸಿ, ಗೋಡೆಯ ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ಮೈಯಲ್ಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಂಡ ಮೇಲೆಯೇ ಒಳಗೆ ಕೈಹಾಕಬೇಕು.

ಮೊದಲನೆಯ ಪರೀಕ್ಷೆ: ಎರಡನೆಯ ಡಿಸ್ಕಿನ ಎರಡು ಕೇಬಲ್ಲುಗಳನ್ನೂ ಕಳಚಿ ಯಂತ್ರವನ್ನು ಎಬ್ಬಿಸುವುದು. ಏಳದಿದ್ದರೆ ದೋಷ ಎರಡನೆಯ ಡಿಸ್ಕಿನದಲ್ಲ. ಕೆಲಸ ಮಾಡುವಾಗ ಕೈ ತಗುಲಿ ಮೊದಲ ಡಿಸ್ಕಿನ ಕೇಬಲ್ಲು ಸಡಿಲವಾಗಿದೆಯೆ, ರ್ಯಾಮ್ ಪಟ್ಟಿ ಕದಲಿದೆಯೆ ಎಂದು ನೋಡಬೇಕು. ಎದ್ದರೆ ಮುಂದುವರಿಯಬಹುದು.

ಎರಡನೆಯದು: ವಿದ್ಯುತ್ತಿನ ಕೇಬಲ್ಲನ್ನು ಮಾತ್ರ ಜೋಡಿಸಿ, ಸಂದೇಶದ ಕೇಬಲ್ಲನ್ನು ಬಿಟ್ಟಿಡುವುದು. ಈಗ ಡಿಸ್ಕು ಸುತ್ತುತ್ತದೆ, ಆದರೆ ಬಯಾಸ್‌ಗೆ ಅದರ ಇರವೇ ತಿಳಿಯದು. ಯಂತ್ರ ಏಳದಿದ್ದರೆ ತೊಂದರೆ ವಿದ್ಯುತ್ತಿನದು: ಸೊರಗಿದ ಎಸ್‌ಎಂಪಿಎಸ್, ಇಲ್ಲವೆ ಡಿಸ್ಕಿನೊಳಗಿನ ಶಾರ್ಟ್ ಸರ್ಕಿಟ್. ಎದ್ದರೆ ವಿದ್ಯುತ್ತು ನಿರ್ದೋಷಿ.

ಮೂರನೆಯದು: ಎರಡು ಕೇಬಲ್ಲುಗಳನ್ನೂ ಜೋಡಿಸಿ ಸೆಟಪ್ ಪುಟವನ್ನು ತೆರೆಯುವುದು. ಅಲ್ಲಿಗೆ ತಲುಪುವ ಮೊದಲೇ ಯಂತ್ರ ನಿಂತರೆ ಕೇಬಲ್ಲನ್ನು ಬದಲಾಯಿಸಿ ನೋಡಬೇಕು, ಅನಂತರ ಕಿಂಡಿಯನ್ನು. ಎರಡರಿಂದಲೂ ಫಲವಿಲ್ಲದಿದ್ದರೆ ಡಿಸ್ಕಿನ ಮೇಲೆಯೇ ಸಂದೇಹ. ಪಟ್ಟಿಯಲ್ಲಿ ಎರಡು ಡಿಸ್ಕುಗಳೂ ಕಂಡರೆ ಕೇಬಲ್ಲು, ಕಿಂಡಿಗಳು ಸರಿಯಾಗಿವೆ.

ನಾಲ್ಕನೆಯದು: ಬೂಟ್ ಕ್ರಮವನ್ನು ಸರಿಪಡಿಸಿ, ಉಳಿಸಿ, ಮತ್ತೆ ಎಬ್ಬಿಸುವುದು. ಬಹುಪಾಲು ಯಂತ್ರಗಳ ತೊಂದರೆ ಇಲ್ಲಿಗೆ ತೀರುತ್ತದೆ.

ಆಪರೇಟಿಂಗ್ ಸಿಸ್ಟಮ್ ಏಳತೊಡಗಿ ನಡುದಾರಿಯಲ್ಲಿ ನಿಂತರೆ ಬಯಾಸ್ ತನ್ನ ಕೆಲಸವನ್ನು ಮುಗಿಸಿದೆಯೆಂದು ಅರ್ಥ. ಆಗ ಹುಡುಕಾಟ ಆಪರೇಟಿಂಗ್ ಸಿಸ್ಟಮ್‌ನಲ್ಲಿ. ಇದಕ್ಕೊಂದು ಕಾರಣವನ್ನು ನೆನಪಿಡಬೇಕು. ಒಂದು ಡಿಸ್ಕನ್ನು ಇನ್ನೊಂದಕ್ಕೆ ಅಕ್ಷರಶಃ ನಕಲು ಮಾಡಿದರೆ ಗುರುತಿನ ಸಂಖ್ಯೆಗಳೂ ನಕಲಾಗುತ್ತವೆ. ಎರಡನ್ನೂ ಒಂದೇ ಯಂತ್ರದಲ್ಲಿಟ್ಟರೆ ವಿಂಡೋಸ್ ಅವುಗಳಲ್ಲೊಂದನ್ನು ಬದಿಗಿಡುತ್ತದೆ. ಲಿನಕ್ಸ್ ಯಾವುದನ್ನು ತನ್ನದೆಂದು ಹಿಡಿಯುವುದೆಂದು ಹೇಳಲಾಗದು. ನಕಲು ಮುಗಿದ ಮೇಲೆ ಮೊದಲ ಸಲ ಒಂದನ್ನೇ ಜೋಡಿಸಿ ಎಬ್ಬಿಸುವುದು ಕ್ಷೇಮ.

ಡೆಸ್ಕ್‌ಟಾಪನ್ನು ಬಿಚ್ಚಲು ಅಳುಕುವವರಿಗೆ ಇನ್ನೊಂದು ದಾರಿ ಇದೆ. ಮೊದಲ ಡಿಸ್ಕಿನಿಂದ ಯಂತ್ರವನ್ನು ಎಬ್ಬಿಸಿ, ಅದು ಪೂರ್ಣವಾಗಿ ಎದ್ದ ಮೇಲೆ ಹಳೆಯ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿನ ಮೂಲಕ ಹೊರಗಿನಿಂದ ಜೋಡಿಸಬಹುದು. ಬೂಟ್ ಕ್ರಮದ ಪ್ರಶ್ನೆ ಆಗ ಏಳುವುದೇ ಇಲ್ಲ. ಮೂರೂವರೆ ಅಂಗುಲದ ಡಿಸ್ಕಿಗೆ ಮಾತ್ರ ತನ್ನದೇ ವಿದ್ಯುತ್ತಿನ ಪ್ಲಗ್ಗಿರುವ ಅಡಾಪ್ಟರ್ ಬೇಕು.

ಬರೆಯುವ ಮುನ್ನ

ನಾವು ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಮೊದಲ ಮೂರು ಹಳೆಯ ಡಿಸ್ಕಿನ ಮೇಲೆ ಏನನ್ನೂ ಬರೆಯುವುದಿಲ್ಲ. ಅವುಗಳನ್ನು ಆರಿಸಿಕೊಂಡುದಕ್ಕೆ ಇದೇ ಮುಖ್ಯ ಕಾರಣ. ಕೇಬಲ್ಲನ್ನು ತಪ್ಪಾಗಿ ಆರಿಸಿದರೆ ಮತ್ತೆ ಬದಲಾಯಿಸಬಹುದು. ಬೂಟ್ ಕ್ರಮವನ್ನು ನೂರು ಸಲ ತಿದ್ದಬಹುದು. ಡಿಸ್ಕಿನ ಮೇಲೆ ಬರೆದುದನ್ನು ಮಾತ್ರ ಹಿಂದಕ್ಕೆ ಪಡೆಯುವುದು ಕಷ್ಟ.

ಅಪಾಯ ಬರುವುದು ಯಂತ್ರ ಎದ್ದ ಮೇಲೆ. ಹಳೆಯ ಡಿಸ್ಕಿನ ವಿಭಾಗಗಳನ್ನು ಓದಲಾರದಿದ್ದರೆ ವಿಂಡೋಸ್ ಅದನ್ನು 'ಇನಿಶಿಯಲೈಸ್' ಮಾಡಲೆ ಎಂದೋ 'ಫಾರ್ಮ್ಯಾಟ್' ಮಾಡಲೆ ಎಂದೋ ಕೇಳುತ್ತದೆ. ಸಹಾಯ ಮಾ‌ಡುವ ದನಿಯಲ್ಲಿ ಬರುವ ಈ ಪ್ರಶ್ನೆಗೆ 'ಆಗಲಿ' ಎಂದರೆ ಹೊಸ ವಿಭಾಗಪಟ್ಟಿ ಹಳೆಯದರ ಮೇಲೆ ಕುಳಿತು, ಇದ್ದ ಫೈಲುಗಳ ಜಾಡು ತಪ್ಪುತ್ತದೆ. ಅಂತೆಯೇ ಏಳುವ ವೇಳೆಯಲ್ಲಿ ಹಳೆಯ ಡಿಸ್ಕನ್ನು ಪರೀಕ್ಷಿಸಿ ಸರಿಪಡಿಸುವೆನೆಂದು ವಿಂಡೋಸ್ ಹೊರಡುವುದುಂಟು. ಬೇಡವೆನ್ನುವವರು ಕೆಲವು ಸೆಕೆಂಡುಗಳೊಳಗೆ ಒಂದು ಕೀಲಿಯನ್ನು ಒತ್ತಬೇಕೆಂದು ತೆರೆಯ ಮೇಲೆ ತಿಳಿಸುತ್ತದೆ. ಆ 'ಸರಿಪಡಿಸುವಿಕೆ'ಯೂ ಬರೆಯುವ ಕೆಲಸವೇ. ಸೊರಗಿದ ಡಿಸ್ಕಿಗೆ ಅದು ಕೊನೆಯ ಪೆಟ್ಟಾದೀತು. ಮೊದಲು ನಕಲು, ಆಮೇಲೆ ರಿಪೇರಿ: ಈ ಕ್ರಮವನ್ನು ತಪ್ಪಬಾರದು.

ವೈದ್ಯನು ರೋಗಿಗೆ ಹತ್ತು ಔಷಧಿಗಳನ್ನು ಒಮ್ಮೆಗೇ ಕೊಟ್ಟು, ಗುಣವಾದರೆ ಯಾವುದರಿಂದಾಯಿತೆಂದು ಹೇಳಲಾರ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಒಂದು ಅಂಶವನ್ನು ಬದಲಾಯಿಸುವಾಗ ಮಿಕ್ಕವನ್ನು ಸ್ಥಿರವಾಗಿಡುವುದೂ ಇದೇ ಕಾರಣದಿಂದ. ಮೇಜಿನ ಕೆಳಗಿನ ಗಣಕಯಂತ್ರಕ್ಕೂ ಆ ನಿಯಮವೇ ಸಲ್ಲುತ್ತದೆ. ಎಲ್ಲಿ ನಿಂತಿತೆಂದು ನೋಡಬೇಕು, ಒಂದನ್ನೇ ಬದಲಾಯಿಸಬೇಕು, ಫಲವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಹಾಗೆ ಮಾಡಿದವರಿಗೆ ಹಳೆಯ ಡಿಸ್ಕಿನ ಭಾವಚಿತ್ರಗಳು ಸಾಮಾನ್ಯವಾಗಿ ಒಂದು ಸಂಜೆಯೊಳಗೆ ದೊರೆಯುತ್ತವೆ. ದೊರೆತೊಡನೆ ಅವುಗಳ ಇನ್ನೊಂದು ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿಡುವುದನ್ನು ಮರೆಯಬಾರದು. ಒಂದೇ ಕಡೆ ಇರುವ ಪ್ರತಿ ಎಂದಾದರೂ ಕಳೆದುಹೋಗುವ ಪ್ರತಿಯೇ.